ಕಿಲ್ಕೆನ್ನಿ: ಒಂದು ಮೈಲಿ ಬೀದಿಯಲ್ಲಿ ಸಂತರು, ಸೋಡಾ ಬ್ರೆಡ್ಡು, ಕೆಂಪು ಏಲ್

ಐರ್ಲೆಂಡಿಗೆ ಬಂದ ನಮ್ಮವರು ಸಾಮಾನ್ಯವಾಗಿ ಡಬ್ಲಿನ್‌ನಲ್ಲೇ ದುಡ್ಡು ಖಾಲಿ ಮಾಡಿಕೊಳ್ಳುತ್ತಾರೆ. ಟ್ರಿನಿಟಿ ಕಾಲೇಜಿನ ಬುಕ್ ಆಫ್ ಕೆಲ್ಸ್ ಹಸ್ತಪ್ರತಿಗೊಂದು ಟಿಕೆಟ್, ಗಿನ್ನೆಸ್ ಸ್ಟೋರ್‌ಹೌಸ್‌ಗೆ ಇನ್ನೊಂದು, ವಿಸ್ಕಿ ರುಚಿ ನೋಡಲು ಮತ್ತೊಂದು. ಮೂರಕ್ಕೂ ಕ್ಯೂ, ಮೂರೂ ಬೇರೆ ಬೇರೆ ಕಡೆ, ಒಂದರ ಕಥೆಗೂ ಇನ್ನೊಂದರ ಕಥೆಗೂ ನಂಟಿಲ್ಲ. ಆದರೆ ಈ ದೇಶದಲ್ಲಿ ಮಠ, ಬೆಣ್ಣೆ, ಬ್ರೆಡ್ಡು, ಮದ್ಯ ಎಲ್ಲವೂ ಒಂದರ ಪಕ್ಕದಲ್ಲೊಂದು ಬೆಳೆದವು. ಅದನ್ನು ಒಂದೇ ನಡಿಗೆಯಲ್ಲಿ ನೋಡಬೇಕೆಂದರೆ ಕಿಲ್ಕೆನ್ನಿಗೆ ಹೋಗಬೇಕು. ಒಂದು ತುದಿಯಲ್ಲಿ 9ನೇ ಶತಮಾನದ ಗೋಪುರ, ಇನ್ನೊಂದು ತುದಿಯಲ್ಲಿ ಕೋಟೆ. ನಡುವೆ ಇರುವುದು ಒಂದು ಮೈಲಿ ಬೀದಿ. ಪ್ರವಾಸೋದ್ಯಮದವರು ಇದಕ್ಕೆ 'ಮೀಡಿಯೇವಲ್ ಮೈಲ್' ಎಂದು ಹೆಸರಿಟ್ಟು ಫಲಕ ಹಾಕಿದ್ದಾರೆ. ಫಲಕಗಳನ್ನೆಲ್ಲ ಓದುತ್ತಾ ನಿಲ್ಲಬೇಕಿಲ್ಲ. ಎಲ್ಲಿ ದುಡ್ಡು ಕೊಡಬೇಕು, ಎಲ್ಲಿ ಬೇಡ, ಏನು ತಿನ್ನಬೇಕು, ಸಸ್ಯಾಹಾರಿಗಳು ಎಲ್ಲಿ ಎಡವುತ್ತಾರೆ ಎಂಬುದಷ್ಟು ಗೊತ್ತಿದ್ದರೆ ಒಂದು ದಿನ ಸಾಕು.

ತಲುಪುವುದು ಹೇಗೆ

ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ವಾಟರ್‌ಫರ್ಡ್ ಕಡೆಗೆ ಹೋಗುವ ರೈಲು ಹತ್ತಬೇಕು. ಪ್ರಯಾಣ ಸುಮಾರು ಒಂದೂವರೆ ಗಂಟೆ. ಊರೊಳಗಿಂದ ಹ್ಯೂಸ್ಟನ್‌ಗೆ ಲುವಾಸ್ ಟ್ರಾಮಿನ ಕೆಂಪು ಮಾರ್ಗ ಬಿಡುತ್ತದೆ. ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದರೆ ನಿಲ್ದಾಣದಲ್ಲಿ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಕಿಲ್ಕೆನ್ನಿಯ ಮೆಕ್‌ಡೋನಾ ನಿಲ್ದಾಣದಲ್ಲಿ ಹಳಿ ಅಲ್ಲಿಗೇ ಮುಗಿಯುತ್ತದೆ. ವಾಟರ್‌ಫರ್ಡ್‌ಗೆ ಹೋಗುವ ರೈಲೂ, ಡಬ್ಲಿನ್‌ಗೆ ಹೋಗುವ ರೈಲೂ ಬಂದ ದಿಕ್ಕಿನಲ್ಲೇ ಹಿಂದಕ್ಕೆ ಹೊರಡುತ್ತವೆ. ಆದ್ದರಿಂದ ಸಂಜೆ ವಾಪಸಾಗುವಾಗ ರೈಲಿನ ಮುಖ ಯಾವ ಕಡೆಗಿದೆ ಎಂದು ನೋಡಿ ಹತ್ತಿದರೆ ವಾಟರ್‌ಫರ್ಡ್ ಸೇರುವ ಸಾಧ್ಯತೆ ಇದೆ. ಬೋರ್ಡು ಓದಿಯೇ ಹತ್ತಿ.

ನಿಲ್ದಾಣದಿಂದ ಕೋಟೆ ಹತ್ತಿರ, ಹಾಗಾಗಿ ಬಹಳಷ್ಟು ಜನ ಅಲ್ಲಿಂದಲೇ ಶುರು ಮಾಡುತ್ತಾರೆ. ತಿರುಗಿಸಿ ಮಾಡುವುದು ಜಾಣತನ. ಗೋಪುರ ಹತ್ತುವುದು ಹವಾಮಾನದ ಕೈಯಲ್ಲಿದೆ. ಮಳೆ, ಗಾಳಿ ಜೋರಾದರೆ ಬಾಗಿಲು ಹಾಕುತ್ತಾರೆ, ಐರ್ಲೆಂಡಿನಲ್ಲಿ ಮಧ್ಯಾಹ್ನದ ಆಕಾಶವನ್ನು ನಂಬುವ ಹಾಗಿಲ್ಲ. ಬೆಳಗ್ಗೆ ನೋರ್ ನದಿ ದಾಟಿ ನೇರ ಗೋಪುರದ ಪಕ್ಕದ ಸೇಂಟ್ ಕ್ಯಾನಿಸ್ ಕ್ಯಾಥೆಡ್ರಲ್‌ಗೆ (ಬಿಷಪ್‌ನ ಮುಖ್ಯ ಚರ್ಚು) ನಡೆದುಬಿಡಿ. ಊರಿನ ಕಾಲುದಾರಿಗಳಲ್ಲಿ ಅಲ್ಲಲ್ಲಿ ಹಾಸಿರುವುದು ಇಲ್ಲಿಯದೇ ಕಪ್ಪು ಸುಣ್ಣಕಲ್ಲು. ಒದ್ದೆಯಾದಾಗ ಜಾರುತ್ತದೆ, ಹಿಡಿತವಿರುವ ಶೂ ಬೇಕು.

ಗೋಪುರ ಮತ್ತು ಕ್ಯಾಥೆಡ್ರಲ್: ನಮ್ಮ ಅಂಕ 5ಕ್ಕೆ 5

ಊರಿಗೆ ಹೆಸರು ಬಂದಿರುವುದು 6ನೇ ಶತಮಾನದ ಸಂತ ಕ್ಯಾನಿಸ್‌ನಿಂದ. ಸಂತ ಪ್ಯಾಟ್ರಿಕ್ ಬಂದ, ದೇಶ ಕ್ರೈಸ್ತವಾಯಿತು ಎಂಬ ಒಂದೇ ಸಾಲಿನ ಇತಿಹಾಸ ಈ ಭಾಗದಲ್ಲಿ ನಡೆಯುವುದಿಲ್ಲ. 431ರಲ್ಲಿ ಪೋಪ್ ಸೆಲೆಸ್ಟೀನ್ ಪಲ್ಲಾಡಿಯಸ್ ಎಂಬ ಬಿಷಪ್‌ನನ್ನು ಕಳಿಸಿದ್ದು ಆಗಲೇ ಕ್ರಿಸ್ತನನ್ನು ನಂಬಿದ್ದ ಐರಿಷರ ಬಳಿಗೆ. ಅಂದರೆ ಭಕ್ತರು ಮೊದಲೇ ಇದ್ದರು. ಕಿಲ್ಕೆನ್ನಿ ಸೇರಿದ ಆಸರಿ ಪ್ರಾಂತದವರು ತಮ್ಮ ಸಂತ ಕಿಯರಾನ್ ಪ್ಯಾಟ್ರಿಕ್‌ಗಿಂತ ಹಿಂದಿನವನು ಎಂದು ಇಂದಿಗೂ ಪಟ್ಟು ಹಿಡಿಯುತ್ತಾರೆ. ಕ್ಯಾಥೆಡ್ರಲ್‌ನ ಉತ್ತರದ ತೋಳಿನಲ್ಲಿ ಕಿಯರಾನ್‌ನ ಪೀಠ ಎಂದು ಕರೆಯುವ ಕಲ್ಲಿನ ಆಸನವಿದೆ. ಕುರ್ಚಿಯಂತೆ ಜೋಡಿಸಿದ್ದು ನಂತರದ ಕಾಲದಲ್ಲಿ. ಸುಲಭವಾಗಿ ಕಣ್ಣು ತಪ್ಪುವ ಜಾಗದಲ್ಲಿದೆ, ಒಳಗೆ ಕಾಲಿಟ್ಟ ಕೂಡಲೇ ಕೇಳಿಕೊಳ್ಳಿ.

ಪಕ್ಕದ ದುಂಡು ಗೋಪುರದ ಎತ್ತರ ಸುಮಾರು 30 ಮೀಟರ್. ಇಂಥ ಗೋಪುರಗಳು ಮಠಗಳ ಗಂಟೆ ಗೋಪುರಗಳು. ಬೆಲೆಬಾಳುವ ವಸ್ತುಗಳನ್ನು ಇಡಲೂ ಬಳಸುತ್ತಿದ್ದರು. ಕಡಲ್ಗಳ್ಳ ವೈಕಿಂಗರಿಂದ ತಪ್ಪಿಸಿಕೊಳ್ಳಲೆಂದೇ ಕಟ್ಟಿದ್ದು ಎಂದು ಗೈಡ್‌ಗಳು ಹೇಳುವ ಮಾತನ್ನು ಅರ್ಧ ಮಾತ್ರ ನಂಬಿ: ಒಳಗೆಲ್ಲ ಮರದ ಅಟ್ಟಗಳು, ಕೆಳಗೆ ಬೆಂಕಿ ಇಟ್ಟರೆ ಇಡೀ ಗೋಪುರವೇ ಹೊಗೆಗೊಳವೆ. ಬಾಗಿಲು ನೆಲಮಟ್ಟದಿಂದ ಮೇಲಿದೆ. ಬುಡ ಇರುವುದು ಹಳೆಯ ಸ್ಮಶಾನದ ಮೇಲೆ. 19ನೇ ಶತಮಾನದಲ್ಲಿ ಅಗೆದಾಗ ಅಡಿಯಲ್ಲಿ ಅಸ್ಥಿಪಂಜರಗಳು ಸಿಕ್ಕವು. ಗೋಪುರ ಸ್ವಲ್ಪ ವಾಲಿದೆ.

ತುದಿಯಲ್ಲಿದ್ದ ಶಂಕುವಿನಾಕಾರದ ಕಲ್ಲಿನ ಟೋಪಿ ಬಿದ್ದುಹೋಗಿದೆ. ಅದು ಬಿದ್ದದ್ದೇ ನಮ್ಮ ಭಾಗ್ಯ, ಏಕೆಂದರೆ ಮೇಲೆ ನಿಂತು ನೋಡಲು ಸಾಧ್ಯವಾಗಿರುವುದು ಅದರಿಂದಲೇ. ಐರ್ಲೆಂಡ್ ಗಣರಾಜ್ಯದಲ್ಲಿ ಸಾರ್ವಜನಿಕರು ಹತ್ತಬಹುದಾದ ದುಂಡು ಗೋಪುರಗಳು ಎರಡೇ, ಇದು ಮತ್ತು ಕಿಲ್ಡೇರ್‌ನದು. ಒಂದು ಅಟ್ಟದಿಂದ ಇನ್ನೊಂದಕ್ಕೆ ಕಡಿದಾದ ಮರದ ಏಣಿಮೆಟ್ಟಿಲು. ಮೇಲೆ ಹೋದಂತೆ ಗೋಡೆಗಳು ಹತ್ತಿರವಾಗುತ್ತವೆ. ಬೆನ್ನಿನ ಚೀಲ ಕೆಳಗೇ ಬಿಡಿ, ಇಲ್ಲದಿದ್ದರೆ ಕೊನೆಯ ಕಿಂಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಇಳಿಯುವಾಗ ಮುಖ ಏಣಿಯ ಕಡೆಗಿರಲಿ. ಮಂಡಿನೋವಿದ್ದವರು, ಇಕ್ಕಟ್ಟಿನಲ್ಲಿ ಉಸಿರು ಕಟ್ಟುವವರು ಹತ್ತದಿರುವುದೇ ಒಳ್ಳೆಯದು. ಎದುರಿನಿಂದ ಒಬ್ಬರು ಇಳಿದು ಬಂದರೆ ಸರಿದು ನಿಲ್ಲಲು ಅಟ್ಟ ಸಿಗುವವರೆಗೆ ಕಾಯಬೇಕು. ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ವಯಸ್ಸಿನ ನಿಯಮವನ್ನು ಟಿಕೆಟ್ ಕೊಳ್ಳುವ ಮುನ್ನ ಕೇಳಿ. ಸೀರೆ ಉಟ್ಟು ಹತ್ತುವ ಸಾಹಸ ಬೇಡ.

ಕ್ಯಾಥೆಡ್ರಲ್ 13ನೇ ಶತಮಾನದ್ದು. ಡಬ್ಲಿನ್‌ನ ಸೇಂಟ್ ಪ್ಯಾಟ್ರಿಕ್ ಬಿಟ್ಟರೆ ದೇಶದ ಮಧ್ಯಕಾಲೀನ ಕ್ಯಾಥೆಡ್ರಲ್‌ಗಳಲ್ಲಿ ಇದೇ ಉದ್ದ. 1332ರಲ್ಲಿ ನಡುವಿನ ಗೋಪುರ ಕುಸಿಯಿತು. 1650ರಲ್ಲಿ ಇಂಗ್ಲೆಂಡಿನ ದಂಡನಾಯಕ ಕ್ರಾಮ್‌ವೆಲ್‌ನ ಸೈನ್ಯ ಒಳಗೆ ಕುದುರೆ ಕಟ್ಟಿತು, ಕಿಟಕಿಗಳು ಪುಡಿಯಾದವು. ಉಳಿದಿರುವುದರಲ್ಲಿ ಸಮಯ ಕೊಡಬೇಕಾದ್ದು ಗೋರಿಗಳಿಗೆ. ಕೋಟೆಯ ಒಡೆಯರಾಗಿದ್ದ ಬಟ್ಲರ್ ಮನೆತನದ ಪಿಯರ್ಸ್ ಮತ್ತು ಅವನ ಹೆಂಡತಿ ಮಾರ್ಗರೆಟ್ ಕಪ್ಪು ಕಲ್ಲಿನಲ್ಲಿ ಅಕ್ಕಪಕ್ಕ ಮಲಗಿದ್ದಾರೆ. ಆತನ ಕವಚದ ಕೆತ್ತನೆ ನೋಡಿಯೇ 16ನೇ ಶತಮಾನದ ಕಮ್ಮಾರನ ಕೆಲಸ ಹೇಗಿತ್ತೆಂದು ಅಂದಾಜು ಮಾಡಬಹುದು.

ಅಲ್ಲೇ ಇನ್ನೊಂದು ಗೋರಿ ಬಿಷಪ್ ರಿಚರ್ಡ್ ಲೆಡ್ರೀಡ್‌ನದು. ಈತನನ್ನು ಊರು ನೆನೆಯುವುದು ಒಂದೇ ಕಾರಣಕ್ಕೆ: 1324ರಲ್ಲಿ ಆಲಿಸ್ ಕಿಟ್ಲರ್ ಎಂಬ ಶ್ರೀಮಂತ ಲೇವಾದೇವಿಗಾರ್ತಿಯ ಮೇಲೆ ಮಾಟದ ಆರೋಪ ಹೊರಿಸಿ ವಿಚಾರಣೆ ನಡೆಸಿದ. ನಾಲ್ಕು ಗಂಡಂದಿರ ಆಸ್ತಿ ಕೈಸೇರಿದ್ದ ಆಲಿಸ್ ತಪ್ಪಿಸಿಕೊಂಡು ಹೋದಳು; ಅವಳ ಸೇವಕಿ ಪೆಟ್ರೊನಿಲಾಳನ್ನು ಅದೇ ವರ್ಷ ನವೆಂಬರ್ 3ರಂದು ಸುಟ್ಟರು. ಇಡೀ ಊರು ಇಂದು 'ಮಾಟಗಾತಿ'ಯ ಚಿತ್ರ ಹಾಕಿ ಚಹಾ ಕಪ್ಪು, ಟೀಶರ್ಟು ಮಾರುತ್ತದೆ. ಸುಟ್ಟುಹೋದ ಆಳುಮಗಳ ಹೆಸರು ಎಲ್ಲೋ ಮೂಲೆಯಲ್ಲಿರುತ್ತದೆ. ಆ ಸರಕು ಕೊಳ್ಳದಿದ್ದರೆ ನಷ್ಟವಿಲ್ಲ.

ಲೆಡ್ರೀಡ್‌ನ ಕಾಲದ 'ರೆಡ್ ಬುಕ್ ಆಫ್ ಆಸರಿ' ಎಂಬ ಹಸ್ತಪ್ರತಿ ಇದಕ್ಕಿಂತ ಸ್ವಾರಸ್ಯದ್ದು. ಪಾದ್ರಿಗಳು ಪೋಲಿ ಹಾಡು ಹಾಡಬಾರದೆಂದು ಅವೇ ಧಾಟಿಗೆ ಬಿಷಪ್ ಹೊಸೆದ 60 ಲ್ಯಾಟಿನ್ ಭಕ್ತಿಗೀತೆಗಳು ಅದರಲ್ಲಿವೆ. ಆಡಳಿತದ ಪತ್ರಗಳ ನಡುವೆಯೇ ದ್ರಾಕ್ಷಾರಸವನ್ನು ಬಟ್ಟಿ ಇಳಿಸಿ 'ಜೀವಜಲ' ತೆಗೆಯುವ ಕ್ರಮವೂ ಇದೆ. ಐರ್ಲೆಂಡಿನಲ್ಲಿ ಬಟ್ಟಿ ಇಳಿಸುವ ಬಗ್ಗೆ ಉಳಿದಿರುವ ತೀರಾ ಹಳೆಯ ಬರಹಗಳಲ್ಲಿ ಇದೂ ಒಂದು. ಅಂದರೆ ವಿಸ್ಕಿಯ ಪೂರ್ವಜನ ವಿಳಾಸ ಹುಡುಕಿದರೆ ಸಿಗುವುದು ಹೆಂಡದಂಗಡಿಯಲ್ಲ, ಬಿಷಪ್‌ನ ಕಚೇರಿ. ಆಗ ಅದು ಔಷಧ. 1405ರ ಹೊತ್ತಿಗೆ ಒಬ್ಬ ಐರಿಷ್ ನಾಯಕ ಕ್ರಿಸ್‌ಮಸ್ ವೇಳೆ ಅದನ್ನೇ ಅತಿಯಾಗಿ ಕುಡಿದು ಸತ್ತ ಸುದ್ದಿ ವರ್ಷಚರಿತೆಯಲ್ಲಿ ದಾಖಲಾಗುತ್ತದೆ. ರೆಡ್ ಬುಕ್ ಈಗ ಡಬ್ಲಿನ್‌ನಲ್ಲಿ ಚರ್ಚಿನ ಗ್ರಂಥಾಲಯದಲ್ಲಿದೆ. ಕಿಲ್ಕೆನ್ನಿಯಲ್ಲಿ ಮೂಲಪ್ರತಿ ಹುಡುಕಬೇಡಿ.

ಬ್ಲ್ಯಾಕ್ ಆಬಿ, ಫ್ರಾನ್ಸಿಸ್ಕನ್ ಮಠ, ಏಲ್

ಕ್ಯಾಥೆಡ್ರಲ್‌ನಿಂದ ಇಳಿದರೆ ಬ್ಲ್ಯಾಕ್ ಆಬಿ (ಆಬಿ ಎಂದರೆ ಮಠ). 1225ರಲ್ಲಿ ಡೊಮಿನಿಕನ್ ಸನ್ಯಾಸಿಗಳಿಗಾಗಿ ಕಟ್ಟಿದ್ದು, ಈಗಲೂ ಅವರದೇ. ಟಿಕೆಟ್ ಇಲ್ಲ. ಪೂಜೆ ನಡೆಯುವ ಹೊತ್ತಿನಲ್ಲಿ ಫೋಟೊ ತೆಗೆಯಬೇಡಿ. ದಕ್ಷಿಣದ ದೊಡ್ಡ ರೋಸರಿ ಕಿಟಕಿಯ ಬಣ್ಣದ ಗಾಜು ಹಳೆಯದಲ್ಲ, 1892ರದು. ಬಿಸಿಲಿದ್ದಾಗ ಹತ್ತು ನಿಮಿಷ ಕೂತರೆ ಸಾಕು.

ಸೇಂಟ್ ಫ್ರಾನ್ಸಿಸ್ ಆಬಿಯ ಕಥೆ ಬೇರೆ. 1230ರ ದಶಕದಲ್ಲಿ ಶುರುವಾದ ಈ ಮಠದಲ್ಲಿ ಜಾನ್ ಕ್ಲಿನ್ ಎಂಬ ಸನ್ಯಾಸಿ ಇದ್ದ. 1348-49ರ ಮಹಾಪ್ಲೇಗು ಕಿಲ್ಕೆನ್ನಿಯನ್ನು ಹೊಕ್ಕಾಗ ಸುತ್ತಲಿನ ಸಾವುಗಳನ್ನು ಬರೆದಿಟ್ಟು, ಮುಂದೆ ಯಾರಾದರೂ ಬದುಕಿದ್ದರೆ ಕೆಲಸ ಮುಂದುವರಿಸಲಿ ಎಂದು ಕೊನೆಯಲ್ಲಿ ಖಾಲಿ ಚರ್ಮದ ಹಾಳೆಗಳನ್ನು ಬಿಟ್ಟ. ಅದರ ಕೆಳಗೆ ಇನ್ನೊಬ್ಬರ ಕೈ, ಲೇಖಕ ಇಲ್ಲಿ ಸತ್ತಂತೆ ಕಾಣುತ್ತದೆ ಎಂದು ಸೇರಿಸಿದೆ. ಯುರೋಪಿನ ಪ್ಲೇಗಿನ ಬಗ್ಗೆ ಓದುವ ಯಾರೂ ಕ್ಲಿನ್‌ನ ಹೆಸರು ಬಿಡುವುದಿಲ್ಲ. ಅವನಿದ್ದ ಮಠದ ಅವಶೇಷ ಮಾತ್ರ ಬಹುಕಾಲ ಬಿಯರ್ ಕಾರ್ಖಾನೆಯ ಆವರಣದೊಳಗೇ ಉಳಿದಿತ್ತು.

ಆ ಕಾರ್ಖಾನೆ ಸ್ಮಿದಿಕ್ಸ್. ಜಾನ್ ಸ್ಮಿದಿಕ್ ಇಲ್ಲಿ ಏಲ್ ಎಂಬ ಬಗೆಯ ಬಿಯರ್ ತಯಾರಿಕೆ ಶುರು ಮಾಡಿದ್ದು 1710ರಲ್ಲಿ. ಗಿನ್ನೆಸ್‌ನ ಪ್ರಸಿದ್ಧ ಗುತ್ತಿಗೆ ಪತ್ರ 1759ರದು. ಇದು ಅದಕ್ಕಿಂತ ಅರ್ಧ ಶತಮಾನ ಹಳೆಯದು. ಆಗ ಕ್ಯಾಥೊಲಿಕರ ಆಸ್ತಿ, ವ್ಯಾಪಾರಗಳ ಮೇಲೆ ದಂಡಕಾನೂನುಗಳ ನಿರ್ಬಂಧವಿತ್ತು, ಹಾಗಾಗಿ ಕ್ಯಾಥೊಲಿಕ್ ಕುಟುಂಬವೊಂದು ಇಷ್ಟು ಬೆಳೆದದ್ದು ಸಣ್ಣ ಮಾತಲ್ಲ. 1965ರಲ್ಲಿ ಗಿನ್ನೆಸ್ ಇದನ್ನು ಕೊಂಡಿತು. 2013ರಲ್ಲಿ ಇಲ್ಲಿಯ ಕಾರ್ಖಾನೆ ಮುಚ್ಚಿ ತಯಾರಿಕೆ ಡಬ್ಲಿನ್‌ಗೆ ಹೋಯಿತು, ಮರುವರ್ಷ ಪಾರ್ಲಿಮೆಂಟ್ ಸ್ಟ್ರೀಟಿನಲ್ಲಿ ಸ್ಮಿದಿಕ್ಸ್ ಎಕ್ಸ್‌ಪೀರಿಯನ್ಸ್ ಎಂಬ ಪ್ರದರ್ಶನ ಕೇಂದ್ರ ತೆರೆಯಿತು. ಟಿಕೆಟ್ ಕೊಳ್ಳುವ ಮುನ್ನ ಇದನ್ನು ತಿಳಿದಿರಬೇಕು: ನೀವು ನೋಡುವುದು ನಡೆಯುತ್ತಿರುವ ಬ್ರೂವರಿಯನ್ನಲ್ಲ. ಹಬೆಯಾಡುವ ಹಂಡೆ, ಮೊಳಕೆ ಬಾರ್ಲಿಯ ವಾಸನೆ ಬಯಸಿ ಹೋದರೆ ನಿರಾಸೆ. ಸುಮಾರು ಒಂದು ಗಂಟೆಯ ಮಾರ್ಗದರ್ಶಿತ ಸುತ್ತು, ಕೊನೆಯಲ್ಲಿ 18 ದಾಟಿದವರಿಗೆ ಏಲ್. ಮಠ ಮತ್ತು ದಂಡಕಾನೂನಿನ ಭಾಗ ಕೇಳುವಂಥದ್ದು. ಪರದೆ, ಬೆಳಕಿನ ಆಟ ಮಕ್ಕಳಿಗೆ ಸರಿ. ದುಡ್ಡು ಎಣಿಸಿ ಖರ್ಚು ಮಾಡುವವರು ಇದನ್ನು ಬಿಟ್ಟು ಯಾವುದಾದರೂ ಹಳೆಯ ಪಬ್‌ನಲ್ಲಿ ಅದೇ ಏಲ್ ಕುಡಿದು, ಮಠದ ಅವಶೇಷವನ್ನು ಹೊರಗಿನಿಂದ ನೋಡಿಕೊಂಡು ಬಂದರೆ ಸಾಕು. ನಮ್ಮ ಲೆಕ್ಕದಲ್ಲಿ 5ಕ್ಕೆ 3.

ಏಲ್ ಬಗ್ಗೆ ಎರಡು ಮಾತು. ಕೆಂಪು ಬಣ್ಣ ಬರುವುದು ಸ್ವಲ್ಪ ಹುರಿದ ಬಾರ್ಲಿ ಸೇರಿಸುವುದರಿಂದ. ಐರ್ಲೆಂಡಿನಲ್ಲಿ ಮಾರುವುದರಲ್ಲಿ ಮದ್ಯಾಂಶ ಶೇ 3.8. ಕಹಿ ಕಡಿಮೆ, ಹುರಿದ ಕಾಳಿನ ತೆಳುವಾದ ಒಗರು. ತೀರಾ ತಣ್ಣಗೆ ಕುಡಿದರೆ ಆ ಒಗರೇ ಸತ್ತುಹೋಗುತ್ತದೆ. ಕೊಟ್ಟ ಮೇಲೆ ಐದು ನಿಮಿಷ ಬಿಡಿ. ಪಿಂಟ್ ಎಂದರೆ 568 ಮಿ.ಲೀ., ಬರೀ 'ಗ್ಲಾಸ್' ಎಂದು ಕೇಳಿದರೆ ಅದರರ್ಧ ಬರುತ್ತದೆ. ಕೆಲವು ಏಲ್‌ಗಳನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುವ ಹಳೆಯ ಪದ್ಧತಿ ಇದೆ. ಗಿನ್ನೆಸ್ ತನ್ನ ಕಪ್ಪು ಬಿಯರ್ ಸ್ಟೌಟ್‌ನಲ್ಲಿ ಅದನ್ನು ಕೈಬಿಟ್ಟಿದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಉಳಿದವನ್ನು ಕೇಳಿಯೇ ಕುಡಿಯಬೇಕು.

ಮಧ್ಯಾಹ್ನದ ಊಟ: ಬ್ರೆಡ್ಡಿನಿಂದ ಅಳೆಯಿರಿ

ಹೈ ಸ್ಟ್ರೀಟ್ ಮತ್ತು ಕೀರನ್ ಸ್ಟ್ರೀಟ್ ನಡುವೆ ಬಟರ್ ಸ್ಲಿಪ್ ಎಂಬ ಕತ್ತಲ ಓಣಿ ಇದೆ. 1616ರ ಈ ಓಣಿಯಲ್ಲಿ ಬೆಣ್ಣೆ ಮಾರುತ್ತಿದ್ದರು. ನೆರಳು, ತಂಪು, ಕಲ್ಲುಗೋಡೆ, ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ? ಬೆಣ್ಣೆ ಕಡೆದ ಮೇಲೆ ಉಳಿಯುವ ಹುಳಿ ಮಜ್ಜಿಗೆಯೇ ಐರಿಷ್ ಸೋಡಾ ಬ್ರೆಡ್ಡಿನ ಜೀವ. ಈ ಬ್ರೆಡ್ಡು ಸಂತರ ಕಾಲದ್ದೇನಲ್ಲ. ಅಡುಗೆ ಸೋಡಾ ಐರ್ಲೆಂಡಿನ ಮನೆಗಳಿಗೆ ಬಂದದ್ದು 19ನೇ ಶತಮಾನದಲ್ಲಿ. ಇಲ್ಲಿಯ ತಂಪು, ಮಳೆಗೆ ಬೆಳೆಯುವ ಗೋಧಿ ಮೆದು, ಅದರಲ್ಲಿ ಅಂಟು ಕಡಿಮೆ; ಯೀಸ್ಟ್ ಹಾಕಿ ನಾದಿದರೆ ಎದ್ದು ನಿಲ್ಲುವ ಶಕ್ತಿ ಅದಕ್ಕಿಲ್ಲ. ಮಜ್ಜಿಗೆಯ ಹುಳಿ ಮತ್ತು ಸೋಡಾ ಸೇರಿ ಗಾಳಿ ಹುಟ್ಟಿಸಿದಾಗ ನಾದುವ ಅಗತ್ಯವೇ ಇಲ್ಲ. ಮನೆಯಲ್ಲಿ ಓವನ್ ಇಲ್ಲದವರು ಮುಚ್ಚಳದ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿ, ಮುಚ್ಚಳದ ಮೇಲೂ ಕೆಂಡ ಹಾಕುತ್ತಿದ್ದರು.

ಕಿಲ್ಕೆನ್ನಿಯಲ್ಲಿ ಯಾವ ಹೋಟೆಲ್ ಒಳ್ಳೆಯದು ಎಂದು ಕೇಳುವವರಿಗೆ ನಮ್ಮ ಅಳತೆಗೋಲು ಒಂದೇ: ಸೂಪ್ ಜೊತೆ ಕೊಡುವ ಬ್ರೌನ್ ಬ್ರೆಡ್ಡು. ಅಂದು ಬೇಯಿಸಿದ್ದಾದರೆ ಹೊರಪದರ ಒರಟು, ಒಳಗೆ ತೇವ, ಮುರಿದಾಗ ಎಳೆಯಾಗದೆ ಉದುರಬೇಕು, ತವುಡಿನ ಚೂರು ಹಲ್ಲಿಗೆ ಸಿಗಬೇಕು. ಕೇಕಿನಂತೆ ಸಿಹಿಯಾಗಿದ್ದರೆ ಸಕ್ಕರೆ ಸುರಿದಿದ್ದಾರೆ ಎಂದೇ ತಿಳಿಯಿರಿ. ನಾಲಿಗೆಗೆ ಸಾಬೂನಿನ ರುಚಿ ತಾಗಿದರೆ ಸೋಡಾ ಹೆಚ್ಚಾಗಿದೆ, ಇಲ್ಲವೇ ಮಜ್ಜಿಗೆಯಲ್ಲಿ ಹುಳಿ ಸಾಲಲಿಲ್ಲ. ಬ್ರೆಡ್ಡು ಚೆನ್ನಾಗಿರುವ ಕಡೆ ಸೂಪ್ ಕೆಟ್ಟಿರುವುದು ಅಪರೂಪ.

ಮನೆಯಲ್ಲಿ ಮಾಡುವವರಿಗೆ ಅಳತೆ: ತರಿಯಾದ ಇಡಿ ಗೋಧಿ ಹಿಟ್ಟು 225 ಗ್ರಾಂ, ಮೈದಾ 225 ಗ್ರಾಂ, ಮಟ್ಟಸ ಒಂದು ಟೀ ಚಮಚ ಅಡುಗೆ ಸೋಡಾ, ಒಂದು ಚಮಚ ಉಪ್ಪು, ಹುಳಿ ಮಜ್ಜಿಗೆ ಸುಮಾರು 400 ಮಿ.ಲೀ. ಸೋಡಾವನ್ನು ಜರಡಿ ಹಿಡಿದೇ ಹಾಕಿ. ಗಂಟು ಉಳಿದರೆ ಬೆಂದ ಮೇಲೆ ಹಳದಿ ಚುಕ್ಕೆ, ಕಹಿ. ನಡುವೆ ಗುಳಿ ಮಾಡಿ ಮಜ್ಜಿಗೆ ಸುರಿದು, ಬೆರಳು ಅಗಲಿಸಿ ಸುತ್ತ ತಿರುಗಿಸಿ ಕೂಡಿಸಿದರೆ ಮುಗಿಯಿತು. ಚಪಾತಿ ಹಿಟ್ಟಿನಂತೆ ಮಿದ್ದರೆ ಕಲ್ಲಾಗುತ್ತದೆ. ದುಂಡಗೆ ತಟ್ಟಿ, ಮೇಲೆ ಅಡ್ಡಕ್ಕೂ ಉದ್ದಕ್ಕೂ ಆಳವಾಗಿ ಕೊಯ್ಯಿರಿ. ಶಿಲುಬೆಯ ಗುರುತು, ಯಕ್ಷಿಣಿಗಳು ಓಡಿಹೋಗಲು ದಾರಿ ಎಂದೆಲ್ಲ ಹೇಳುತ್ತಾರೆ. ಕೊಯ್ಯದಿದ್ದರೆ ನಡುಭಾಗ ಬೇಯುವುದಿಲ್ಲ ಎಂಬುದು ಖಚಿತ. ಮೊದಲೇ ಕಾಯಿಸಿದ ಓವನ್‌ನಲ್ಲಿ 230 ಡಿಗ್ರಿಯಲ್ಲಿ 15 ನಿಮಿಷ, ನಂತರ 200ಕ್ಕೆ ಇಳಿಸಿ 25ರಿಂದ 30 ನಿಮಿಷ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಕಲಸಿಟ್ಟು ಫೋನಿನಲ್ಲಿ ಮಾತಾಡುತ್ತಾ ನಿಂತರೆ ಗಾಳಿಯೆಲ್ಲ ಹೋಗಿ ಚಪ್ಪಟೆ ಆಗುತ್ತದೆ. ಬೆಂಗಳೂರಿನಲ್ಲಿ ಮಾಡುವಾಗ ಎರಡು ತೊಡಕು: ಚಪಾತಿಗೆಂದು ಮಾರುವ ನುಣ್ಣನೆಯ ಹಿಟ್ಟು ನೀರು ಹೆಚ್ಚು ಕುಡಿದು ಅಂಟಾಗುತ್ತದೆ, ಆದ್ದರಿಂದ ಗಿರಣಿಯಲ್ಲಿ ತರಿತರಿಯಾಗಿ ಬೀಸಿಸಿಕೊಳ್ಳಿ, ನಮ್ಮ ಕುಡಿಯುವ ಮಜ್ಜಿಗೆ ತೀರಾ ನೀರು, ಅದರ ಬದಲು ಹುಳಿ ಮೊಸರು 300 ಮಿ.ಲೀ.ಗೆ 100 ಮಿ.ಲೀ. ನೀರು ಬೆರೆಸಿ.

ಸಸ್ಯಾಹಾರಿಗಳಿಗೆ: ಐರ್ಲೆಂಡಿನಲ್ಲಿ ಹೋಟೆಲಿನವರು 14 ಬಗೆಯ ಅಲರ್ಜಿ ಪದಾರ್ಥಗಳನ್ನು ಬರಹದಲ್ಲಿ ತೋರಿಸಲೇಬೇಕು. ಹಾಲು, ಮೊಟ್ಟೆ, ಮೀನು, ಗೋಧಿ ಎಲ್ಲ ಅದರಲ್ಲಿ ಬರುತ್ತವೆ. ಆದರೆ ಕೋಳಿ, ಹಂದಿ, ದನದ ಮಾಂಸ ಆ ಪಟ್ಟಿಯಲ್ಲಿಲ್ಲ. ಹಾಗಾಗಿ 'ವೆಜಿಟೇಬಲ್ ಸೂಪ್' ಎದುರಿಗೆ ಅಲರ್ಜಿ ಸೂಚಿಸುವ ಯಾವ ಸಂಖ್ಯೆಯೂ ಎಚ್ಚರಿಸದಿದ್ದರೂ ಅದರ ತಳದಲ್ಲಿ ಕೋಳಿ ಎಲುಬಿನ ಸಾರಿರಬಹುದು. "ಸ್ಟಾಕ್ ಯಾವುದರದು?" ಎಂದು ಕೇಳಿ. ಚಿಪ್ಸ್ ಅಂಗಡಿಗಳಲ್ಲಿ ಕೆಲವರು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಬ್ಲ್ಯಾಕ್ ಪುಡಿಂಗ್‌ನಲ್ಲಿ ಇರುವುದು ಹಂದಿಯ ರಕ್ತ, ವೈಟ್ ಪುಡಿಂಗ್‌ನಲ್ಲಿ ರಕ್ತವಿಲ್ಲ ಅಷ್ಟೆ, ಮಾಂಸ ಇದ್ದೇ ಇದೆ. ಹೆಸರು ಕೇಳಿ ಸಿಹಿ ತಿಂಡಿ ಎಂದುಕೊಳ್ಳಬೇಡಿ. ಧೈರ್ಯವಾಗಿ ತಿನ್ನಬಹುದಾದ್ದು ಕಾಲ್‌ಕ್ಯಾನನ್: ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಕೇಲ್ ಅಥವಾ ಎಲೆಕೋಸು, ಈರುಳ್ಳಿ ಹೂ, ನಡುವೆ ಕರಗುವ ಬೆಣ್ಣೆಯ ಕೊಳ. ಕೆಲವೆಡೆ ಬೇಕನ್ ಚೂರು ಉದುರಿಸುತ್ತಾರೆ, ಮೊದಲೇ ಬೇಡವೆನ್ನಿ. ಬಾಕ್ಸ್ಟಿ ಸಿಕ್ಕರೆ ಬಿಡಬೇಡಿ. ತುರಿದ ಹಸಿ ಆಲೂಗಡ್ಡೆ, ಬೇಯಿಸಿದ ಆಲೂಗಡ್ಡೆ ಎರಡನ್ನೂ ಬೆರೆಸಿ ಕಾವಲಿಯ ಮೇಲೆ ಹುಯ್ಯುವ ದೋಸೆ ಅದು. ಒಳಗಿನ ಹೂರಣ ಮಾತ್ರ ವಿಚಾರಿಸಿ.

ಪಬ್‌ಗಳ ಅಡುಗೆಮನೆ ರಾತ್ರಿ 9ರ ಸುಮಾರಿಗೆ ಮುಚ್ಚುತ್ತದೆ, ಬಾರ್ ತೆರೆದಿದ್ದರೂ. ಮಕ್ಕಳಿಗೂ ಪಬ್‌ನಲ್ಲಿ ರಾತ್ರಿ 9ರ ಮಿತಿ ಇದೆ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ 10. ನಮ್ಮ ಹಾಗೆ ಒಂಬತ್ತೂವರೆಗೆ ಊಟಕ್ಕೆ ಹೊರಟವರು ಚಿಪ್ಸ್ ಪ್ಯಾಕೆಟ್ಟಿನಲ್ಲಿ ರಾತ್ರಿ ಕಳೆಯಬೇಕಾಗುತ್ತದೆ.

ಕೋಟೆಯ ತುದಿ

ಸೇಂಟ್ ಮೇರೀಸ್ ಎಂದು ಊರಲ್ಲಿ ಎರಡಿವೆ, ಗೊಂದಲ ಬೇಡ. ಹೈ ಸ್ಟ್ರೀಟ್ ಹಿಂದಿನ 13ನೇ ಶತಮಾನದ ಸೇಂಟ್ ಮೇರೀಸ್ ಚರ್ಚೇ ಈಗ ಮೀಡಿಯೇವಲ್ ಮೈಲ್ ಮ್ಯೂಸಿಯಂ, 2017ರಲ್ಲಿ ತೆರೆದದ್ದು. ಸೇಂಟ್ ಮೇರೀಸ್ ಕ್ಯಾಥೆಡ್ರಲ್ ಎಂಬುದು 19ನೇ ಶತಮಾನದ ಕ್ಯಾಥೊಲಿಕ್ ಕಟ್ಟಡ, ಬೇರೆ ಬೆಟ್ಟದ ಮೇಲೆ. ಮ್ಯೂಸಿಯಂನಲ್ಲಿ ವ್ಯಾಪಾರಿ ಮನೆತನಗಳ ಗೋರಿಗಲ್ಲುಗಳು ಚೆನ್ನಾಗಿವೆ. ಕ್ಯಾಥೆಡ್ರಲ್‌ನಲ್ಲಿ ಗೋರಿ ನೋಡಿ ದಣಿದವರು ಬಿಡಬಹುದು.

ಕೋಟೆ ಬಿಡುವಂತಿಲ್ಲ. 1391ರಿಂದ ಬಟ್ಲರ್ ಮನೆತನದ ಕೈಯಲ್ಲಿದ್ದ ಇದನ್ನು 1967ರಲ್ಲಿ ಊರಿಗೆ ಬರೀ 50 ಪೌಂಡಿಗೆ ಬಿಟ್ಟುಕೊಟ್ಟರು; ರಿಪೇರಿ ಖರ್ಚು ನೆನೆದರೆ ಯಾರು ಯಾರಿಗೆ ಉಪಕಾರ ಮಾಡಿದರೆಂದು ಹೇಳುವುದು ಕಷ್ಟ. ಒಳಗೆ ಬಣ್ಣದ ತೊಲೆಗಳ ಪಿಕ್ಚರ್ ಗ್ಯಾಲರಿ ಮುಖ್ಯ. ಟಿಕೆಟ್ ಕಟ್ಟಡಕ್ಕೆ ಮಾತ್ರ, ಸುತ್ತಲಿನ 50 ಎಕರೆ ಹುಲ್ಲುಗಾವಲು, ಗುಲಾಬಿ ತೋಟ ಉಚಿತ. ಗುರುವಾರ ಬಂದರೆ ಕೋಟೆಯೆದುರಿನ ಪರೇಡ್‌ನಲ್ಲಿ ರೈತರ ಸಂತೆ ಇರುತ್ತದೆ, ಬೆಳಗ್ಗೆಯೇ ನೋಡಬೇಕು. ಅಕ್ಟೋಬರ್ ಕೊನೆಯ ರಜೆ ವಾರಾಂತ್ಯದಲ್ಲಿ ಸೇವರ್ ಕಿಲ್ಕೆನ್ನಿ ಆಹಾರೋತ್ಸವ. ತಿನ್ನಲು ಒಳ್ಳೆಯದು, ಆದರೆ ಕೋಣೆ ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು.

ಕಾರಿದ್ದವರು ದಕ್ಷಿಣಕ್ಕೆ ಥಾಮಸ್‌ಟೌನ್ ಬಳಿಯ ಜೆರ್‌ಪಾಯಿಂಟ್ ಆಬಿಗೆ ಒಂದು ಗಂಟೆ ಕೊಡಿ. 12ನೇ ಶತಮಾನದ ಸಿಸ್ಟರ್ಶಿಯನ್ ಮಠದ ಅಂಗಳದ ಕಂಬಗಳ ಮೇಲೆ ನೈಟ್‌ಗಳು, ಹೆಂಗಸರು, ವಿಚಿತ್ರ ಪ್ರಾಣಿಗಳ ಕೆತ್ತನೆ ಇದೆ. ಬೇಲೂರು ನೋಡಿದ ಕಣ್ಣಿಗೆ ಒರಟೆನಿಸಬಹುದು, ಆದರೆ ಅಲಂಕಾರ ಬೇಡವೆಂದ ಪಂಥದ ಮಠದಲ್ಲಿ ಇಷ್ಟು ಕೆತ್ತಿಸಿದ್ದೇ ಕುತೂಹಲ. ಚಳಿಗಾಲದಲ್ಲಿ ತೆರೆಯುವ ದಿನಗಳು ಬದಲಾಗುತ್ತವೆ.

ವಿಸ್ಕಿ, ಕಾಫಿ, ಚೀಲಕ್ಕೆ ಏನು

ಪಬ್‌ನಲ್ಲಿ ಒಂದು ಅಳತೆ ವಿಸ್ಕಿ ಎಂದರೆ 35.5 ಮಿ.ಲೀ., ನಮ್ಮ ಸಣ್ಣ ಪೆಗ್‌ಗಿಂತ ಸ್ವಲ್ಪ ಹೆಚ್ಚು. ಐರಿಷ್ ಎನಿಸಿಕೊಳ್ಳಲು ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಮೂರು ಸಲ ಬಟ್ಟಿ ಇಳಿಸುವುದು ರೂಢಿಯೇ ಹೊರತು ಕಡ್ಡಾಯವಲ್ಲ. ಈ ದೇಶದ್ದೇ ಆದ ಬಗೆ ಬೇಕಿದ್ದರೆ ಸೀಸೆಯ ಮೇಲೆ 'ಸಿಂಗಲ್ ಪಾಟ್ ಸ್ಟಿಲ್' ಎಂದಿರುವುದನ್ನು ಕೇಳಿ: ಅದರಲ್ಲಿ ಮೊಳಕೆ ಬಾರ್ಲಿ, ಹಸಿ (ಮೊಳಕೆ ಬರಿಸದ) ಬಾರ್ಲಿ ಎರಡೂ ಕನಿಷ್ಠ ಶೇ 30 ಇರಬೇಕು. ಮೊಳಕೆಯ ಮೇಲಿನ ತೆರಿಗೆ ಉಳಿಸಲು ಹುಟ್ಟಿದ ಜಾಣತನ, ಈಗ ಅದೇ ಹೆಮ್ಮೆ. ಹಸಿ ಬಾರ್ಲಿಯಿಂದ ಬಾಯಲ್ಲಿ ಎಣ್ಣೆಯಂಥ ಜಿಡ್ಡು, ಸಂಬಾರದ ಚುರುಕು ಬರುತ್ತದೆ. ಬೆಂಗಳೂರಿನ ಅಮೃತ್ ಕುಡಿದವರಿಗೆ ಇದು ಸೌಮ್ಯ ಎನಿಸುವುದಕ್ಕೆ ಹವೆಯೂ ಕಾರಣ: ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 10ಕ್ಕೂ ಹೆಚ್ಚು ಆವಿಯಾಗುತ್ತದೆ, ಇಲ್ಲಿ ಶೇ 2ರ ಆಸುಪಾಸು. ಆದ್ದರಿಂದ ವಯಸ್ಸಿನ ಸಂಖ್ಯೆ ನೋಡಿ ಎರಡನ್ನೂ ಹೋಲಿಸುವುದು ತಪ್ಪು.

ಐರಿಷ್ ಕಾಫಿ ಸಂತರ ಕಾಲದ್ದಲ್ಲ, 1943ರಲ್ಲಿ ಫಾಯ್ನ್ಸ್‌ನ ಜಲವಿಮಾನ ನಿಲ್ದಾಣದಲ್ಲಿ ಬಾಣಸಿಗ ಜೋ ಶೆರಿಡನ್ ಚಳಿಯಲ್ಲಿ ನಡುಗುತ್ತಿದ್ದ ಪ್ರಯಾಣಿಕರಿಗೆ ಮಾಡಿಕೊಟ್ಟದ್ದು. ಬಿಸಿನೀರಿನಲ್ಲಿ ಕಾಯಿಸಿದ ಗ್ಲಾಸಿಗೆ ಕಂದು ಸಕ್ಕರೆ ಎರಡು ಚಮಚ, ವಿಸ್ಕಿ 50 ಮಿ.ಲೀ., ಬಿಸಿ ಕಪ್ಪು ಕಾಫಿ 120 ಮಿ.ಲೀ.; ಸಕ್ಕರೆ ಪೂರ್ತಿ ಕರಗಿದ ಮೇಲೆ ಚಮಚದ ಬೆನ್ನಿನ ಮೇಲಿಂದ 50 ಮಿ.ಲೀ. ತಣ್ಣನೆಯ ಕೆನೆ. ಕೆನೆ ಮುಳುಗಿದರೆ ಕಾರಣ ಎರಡೇ: ಸಕ್ಕರೆ ಬಿಟ್ಟಿದ್ದಾರೆ, ಅಥವಾ ಕೆನೆಯನ್ನು ಕಡೆಯದೆ ಹಾಗೇ ಸುರಿದಿದ್ದಾರೆ. ಡಬ್ಬಿಯಿಂದ ಚಿಮ್ಮಿಸಿದ ನೊರೆಯ ಗುಡ್ಡ ಬಂದರೆ ವಾಪಸು ಕಳಿಸಲು ಸಂಕೋಚ ಬೇಡ. ಕಲಕದೆ, ಸ್ಟ್ರಾ ಇಲ್ಲದೆ, ಕೆನೆಯ ಮೂಲಕವೇ ಕುಡಿಯಬೇಕು. ಮನೆಯಲ್ಲಿ ಚಿಕೋರಿ ಬೆರೆತ ಡಿಕಾಕ್ಷನ್ ಹಾಕಿದರೆ ವಿಸ್ಕಿಯ ವಾಸನೆ ಅಡಗಿಹೋಗುತ್ತದೆ. ಬರೀ ಕಾಫಿಪುಡಿಯದನ್ನು ನೀರು ಬೆರೆಸಿ ತೆಳುಮಾಡಿಕೊಳ್ಳಿ.

ಕೊಂಡೊಯ್ಯಲು: ಕೋಟೆಯೆದುರಿನ ಹಳೆಯ ಕುದುರೆಲಾಯದಲ್ಲಿರುವ ಕಿಲ್ಕೆನ್ನಿ ಡಿಸೈನ್ ಸೆಂಟರ್‌ನಲ್ಲಿ ಮಡಕೆ, ಉಣ್ಣೆ ಸಾಮಾನು ಗಟ್ಟಿಮುಟ್ಟು, ಬೆಲೆಯೂ ಹಾಗೇ. ತಿನಿಸಿಗೆ ಸೂಪರ್‌ಮಾರ್ಕೆಟ್ಟೇ ಮೇಲು. ಫ್ಲಾಹವನ್ಸ್ ಓಟ್ಸ್, ತರಿ ಗೋಧಿ ಹಿಟ್ಟು, ಬ್ಯಾರೀಸ್ ಚಹಾ, ಈ ಜಿಲ್ಲೆಯದೇ ಹೈಬ್ಯಾಂಕ್ ತೋಟದ ಸೇಬಿನ ಸಿರಪ್. ಸಿರಪ್ ದ್ರವವಾದ್ದರಿಂದ ಕೈಚೀಲದಲ್ಲಿ ಬಿಡದಿರಬಹುದು, ಚೆಕ್‌ಇನ್ ಸೂಟ್‌ಕೇಸಿಗೆ ಹಾಕಿ. ವಿಸ್ಕಿಯನ್ನು ಊರಿನ ಅಂಗಡಿಯಲ್ಲಿ ಕೊಂಡರೂ ಹಾಗೇ ಮಾಡಿ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ್ದು ತಲೆಗೆ 2 ಲೀಟರ್. 700 ಮಿ.ಲೀ. ಸೀಸೆಗಳಾದರೆ ಎರಡಕ್ಕೇ ನಿಲ್ಲಿಸಿ, ಮೂರನೆಯದರಿಂದ ಲೆಕ್ಕ 2,100 ಆಗುತ್ತದೆ.